ಮೂರು ಬಾನೆವಿಲ್, ಮೂರು ಬೆಲೆ: ಹಳೆಯ ಬ್ರಿಟಿಷ್ ಮೋಟಾರ್ ಸೈಕಲ್‌ಗೆ ಎಷ್ಟು ಕೊಡಬಹುದು?

ಪ್ರಶ್ನೆ: ನಾನು ಹಾಸನದ ಕಡೆಯವನು, ಎಂಟು ವರ್ಷಗಳಿಂದ ಕೊವೆಂಟ್ರಿಯಲ್ಲಿ ಕೆಲಸದಲ್ಲಿದ್ದೇನೆ. 1970ರ ಟ್ರಯಂಫ್ ಬಾನೆವಿಲ್ ಒಂದನ್ನು ಕೊಳ್ಳಬೇಕೆಂಬುದು ಬಹುದಿನದ ಆಸೆ. ಈಗ ಮೂರು ಗಾಡಿಗಳು ಕಣ್ಣಿಗೆ ಬಿದ್ದಿವೆ. ಮೊದಲನೆಯದು ಪೂರ್ತಿ ಬಿಚ್ಚಿ ಡಬ್ಬಗಳಲ್ಲಿ ತುಂಬಿಟ್ಟದ್ದು, ಬೆಲೆ 3,800 ಪೌಂಡ್. ಎರಡನೆಯದು ಬಣ್ಣ ಮಾಸಿದ್ದರೂ ಓಡುತ್ತಿರುವುದು, 7,000 ಪೌಂಡ್. ಮೂರನೆಯದು ರೆಸ್ಟೋರ್ ಮಾಡಿಸಿ ಹೊಸದರಂತೆ ಹೊಳೆಯುತ್ತಿರುವುದು, 10,500 ಪೌಂಡ್. ಒಂದೇ ವರ್ಷದ ಒಂದೇ ಮಾದರಿಗೆ ಇಷ್ಟು ಅಂತರವೇಕೆ? ಸ್ಥಿತಿಗೆ ತಕ್ಕ ಬೆಲೆಯನ್ನು ಹೇಗೆ ಕಟ್ಟಬೇಕು? ಡಬ್ಬದ ಗಾಡಿಯನ್ನೇ ಕೊಂಡು ನಾನೇ ಜೋಡಿಸಿದರೆ ಉಳಿತಾಯವಾಗುವುದಿಲ್ಲವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಡಬ್ಬಗಳಲ್ಲಿರುವ ಗಾಡಿಯನ್ನು ಕೊಂಡು ಜೋಡಿಸಿದರೆ ಹಣ ಉಳಿಯುವುದಿಲ್ಲ. ಇಲ್ಲಿನ ಚಳಿಗಾಲದ ಸಂಜೆಗಳನ್ನು ಕಳೆಯಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ ಎಂದು ನೀವು ಹೇಳಿದರೆ ಒಪ್ಪುತ್ತೇನೆ, ನಾನೂ ಹಾಗೆಯೇ ಹಲವು ಚಳಿಗಾಲಗಳನ್ನು ಕಳೆದಿದ್ದೇನೆ. ಆದರೆ ಅದನ್ನು ಉಳಿತಾಯವೆಂದು ಕರೆಯಬೇಡಿ. ಬಿಡಿಭಾಗಗಳಿಗೆ ಈಗ ನಡೆಯುತ್ತಿರುವ ಬೆಲೆಯಲ್ಲಿ ನನ್ನ ಅಂದಾಜನ್ನು ಕೊಡುತ್ತೇನೆ. ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಸಿಲಿಂಡರ್‌ಗೆ ಬೋರ್ ಹೊಡೆಸಿ, ಹೊಸ ಪಿಸ್ಟನ್, ವಾಲ್ವ್, ಬೇರಿಂಗ್ ಹಾಕುವುದಕ್ಕೆ 1,500ರಿಂದ 2,000 ಪೌಂಡ್ ಬೇಕು. ಎರಡು ಚಕ್ರಗಳಿಗೆ ಹೊಸ ರಿಮ್ಮು, ಸ್ಪೋಕು ಕಟ್ಟಿಸಿ ಟೈರು ಹಾಕಿಸುವ ಹೊತ್ತಿಗೆ 800 ಆಗಿರುತ್ತದೆ. ಟ್ಯಾಂಕಿಗೂ ಮಡ್‌ಗಾರ್ಡುಗಳಿಗೂ ಆ ವರ್ಷದ ಆಸ್ಟ್ರಲ್ ಕೆಂಪು ಮತ್ತು ಬೆಳ್ಳಿ ಬಣ್ಣವನ್ನು ಚಿನ್ನದ ಗೆರೆ ಸಮೇತ ಹೊಡೆಸಲು 600, ಕ್ರೋಮ್ ಮಾಡಿಸಲು ಹೆಚ್ಚುಕಡಿಮೆ ಅಷ್ಟೇ. ಸೈಲೆನ್ಸರ್ ಪೈಪುಗಳು, ಜೋಡಿ ಅಮಾಲ್ ಕಾರ್ಬ್ಯುರೇಟರ್, ವೈರಿಂಗ್ ಮತ್ತು ಸೀಟು ಸೇರಿ 1,300. ಗೇರ್‌ಬಾಕ್ಸ್, ಕ್ಲಚ್, ಮುಂದಿನ ಫೋರ್ಕು, ರಬ್ಬರು, ನಟ್ಟು, ಬೋಲ್ಟು ಎಂದು ಇನ್ನೊಂದು 700. ಎಲ್ಲ ಕೂಡಿದರೆ 5,500 ಪೌಂಡ್‌ಗಿಂತ ಕಡಿಮೆಯಾಗದು, ಇದರಲ್ಲಿ ನಿಮ್ಮ ದುಡಿಮೆಗೆ ಒಂದು ಪೆನ್ನಿಯೂ ಇಲ್ಲ. ಡಬ್ಬದೊಳಗೆ ಇಲ್ಲದ ಭಾಗಗಳ ಲೆಕ್ಕವೂ ಇದರಲ್ಲಿ ಸೇರಿಲ್ಲ, ಮತ್ತು ಯಾವ ಡಬ್ಬದಲ್ಲೂ ಎಲ್ಲ ಭಾಗಗಳು ಇದ್ದದ್ದನ್ನು ನಾನು ಈವರೆಗೆ ಕಂಡಿಲ್ಲ. ಒಟ್ಟು 9,500 ಪೌಂಡ್ ದಾಟಿದ ಮೇಲೆ ನಿಮ್ಮ ಕೈಯಲ್ಲಿರುವುದು ಮಾರಿದರೆ ಅಷ್ಟೇ ಹಣ, ಬಹುಶಃ ಅದಕ್ಕಿಂತ ಕಡಿಮೆ ತರುವ ಗಾಡಿ. ಎಮ್ಮೆ ನೀರೊಳಗಿರುವಾಗ ದಡದ ಮೇಲೆ ವ್ಯಾಪಾರ ಮಾಡಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಡಬ್ಬದ ಗಾಡಿಗೆ ಸರಿಯಾಗಿ ಹೊಂದುತ್ತದೆ.

ಬೆಲೆ ಕಟ್ಟುವ ನನ್ನ ಕ್ರಮ ಸರಳವಾದದ್ದು. ಚೆನ್ನಾಗಿ ಓಡುವ, ಕಾಗದಪತ್ರ ಸರಿಯಿರುವ, ನೋಡಲು ಅಚ್ಚುಕಟ್ಟಾಗಿದ್ದರೂ ಪ್ರದರ್ಶನಕ್ಕೆ ಇಡುವಂಥದ್ದಲ್ಲದ ಒಂದು ಗಾಡಿಯನ್ನು ನೂರು ಎಂದು ಇಟ್ಟುಕೊಳ್ಳುತ್ತೇನೆ. 1970ರ ಬಾನೆವಿಲ್‌ಗೆ ಇಂದು ಆ ನೂರು ಎಂದರೆ ಸುಮಾರು 8,000 ಪೌಂಡ್. ಎಲ್ಲ ಭಾಗಗಳೂ ಮೈಮೇಲೇ ಇದ್ದು, ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತು ಸ್ಟಾರ್ಟ್ ಆಗದಿರುವ ಗಾಡಿಗೆ 55ರಿಂದ 60 ಕೊಡಬಹುದು. ಅದೇ ಗಾಡಿಯನ್ನು ಯಾರೋ ಉತ್ಸಾಹದಿಂದ ಬಿಚ್ಚಿ ಡಬ್ಬಕ್ಕೆ ಹಾಕಿದ ದಿನವೇ ಅದು 35–40ಕ್ಕೆ ಇಳಿಯುತ್ತದೆ. ಭಾಗಗಳು ಅವೇ ಆದರೂ ಅವೆಲ್ಲವೂ ಇವೆಯೇ, ಇರುವುವು ಆ ಗಾಡಿಯವೇ ಎಂಬ ಸಂದೇಹ ಹುಟ್ಟಿಕೊಂಡಿರುತ್ತದೆ. ಈಚೆಗೆ ರೆಸ್ಟೋರ್ ಆಗಿ, ಪ್ರತಿ ಹಂತದ ಫೋಟೋ ಮತ್ತು ರಸೀದಿಗಳಿರುವುದಕ್ಕೆ 120ರಿಂದ 125. ಸ್ಪರ್ಧೆಯಲ್ಲಿ ಬಹುಮಾನ ಪಡೆಯುವಂಥದ್ದಕ್ಕೆ 150ರವರೆಗೂ ಹೋಗಬಹುದು. ಇದಲ್ಲದೆ ಇನ್ನೊಂದು ಜಾತಿಯಿದೆ. ಕಾರ್ಖಾನೆಯ ಬಣ್ಣ ಹಾಗೆಯೇ ಉಳಿದಿರುವ, ಒಬ್ಬಿಬ್ಬರು ಮಾಲೀಕರ ಕೈಯಲ್ಲಷ್ಟೇ ಇದ್ದ, ಹಳೆಯ ಕಂದು ರಟ್ಟಿನ ಲಾಗ್‌ಬುಕ್ಕು, ಅಂದರೆ ನೋಂದಣಿ ಪುಸ್ತಕ, ಜೋಪಾನವಾಗಿರುವ ಗಾಡಿ ಅದು. ಮೂವತ್ತು ವರ್ಷದ ಹಿಂದೆ ಇಂಥದ್ದು ಸಿಕ್ಕರೆ ಜನ ತಕ್ಷಣ ಬಣ್ಣ ಕೆರೆದು ಹೊಸದು ಹೊಡೆಸುತ್ತಿದ್ದರು. ಈಗ ಆ ಸವೆದ ಬಣ್ಣಕ್ಕೇ ರೆಸ್ಟೋರ್ ಮಾಡಿದ್ದಕ್ಕಿಂತ ಹೆಚ್ಚು ಕೊಡುವವರಿದ್ದಾರೆ. ಎಣ್ಣೆಬಟ್ಟೆಯಿಂದ ಒರೆಸಿಕೊಂಡು ಓಡಿಸುವ ಗಾಡಿ ಎಂದು ಇಲ್ಲಿನವರು ಅದನ್ನು ಅಭಿಮಾನದಿಂದ ಕರೆಯುತ್ತಾರೆ.

ಈ ಅಂಕಿಗಳ ಹಿಂದಿರುವುದು ಒಂದೇ ವಿಚಾರ: ಪರಿಹಾರವಾಗದೆ ಉಳಿದ ಪ್ರತಿಯೊಂದು ಸಂದೇಹಕ್ಕೂ ಬೆಲೆಯಲ್ಲಿ ಒಂದು ಕಡಿತವಿದೆ. ತುಕ್ಕು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಅದನ್ನು ಸರಿಪಡಿಸುವ ಖರ್ಚನ್ನು ಲೆಕ್ಕ ಹಾಕಬಹುದು. ಹೊಸ ಬಣ್ಣದ ಕೆಳಗೆ ಏನಿದೆ ಎಂಬುದು ಕಾಣುವುದಿಲ್ಲ. ಆದ್ದರಿಂದಲೇ ರಸೀದಿಯಿಲ್ಲದ ಹೊಳಪಿನ ಗಾಡಿಯನ್ನು ನಾನು ಮಾಸಿದ ಗಾಡಿಗಿಂತ ಕೆಳಗೆ ಇಡುತ್ತೇನೆ. ಇದಕ್ಕೆ ಇನ್ನೂ ಒಂದು ಕಾರಣವುಂಟು. ಇಪ್ಪತ್ತು ವರ್ಷದ ಹಿಂದೆ ರೆಸ್ಟೋರ್ ಮಾಡಿಸಿ, ಅಂದಿನಿಂದ ನಡುಮನೆಯಲ್ಲಿ ಅಲಂಕಾರಕ್ಕೆ ನಿಲ್ಲಿಸಿದ್ದ ಗಾಡಿಗಳು ಈಗ ಮಾರಾಟಕ್ಕೆ ಬರುತ್ತಿವೆ. ಅವುಗಳ ಕ್ರೋಮ್‌ನಲ್ಲಿ ಮುಖ ನೋಡಿಕೊಳ್ಳಬಹುದು, ಆದರೆ ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಒಣಗಿ ಅಂಟಾಗಿರುತ್ತದೆ, ಆಯಿಲ್ ಸೀಲುಗಳು ಬಿರುಕು ಬಿಟ್ಟಿರುತ್ತವೆ, ಟೈರುಗಳು ಮರದಂತೆ ಗಟ್ಟಿಯಾಗಿರುತ್ತವೆ. ಅಂಥದ್ದನ್ನು ಸ್ಟಾರ್ಟ್ ಆಗದ ಗಾಡಿಯೆಂದೇ ಎಣಿಸಿ ಬೆಲೆ ಹೇಳಬೇಕು.

ಈಗ ಸಂದೇಹಗಳಲ್ಲೇ ದೊಡ್ಡದಾದ ನಂಬರಿನ ವಿಷಯಕ್ಕೆ ಬರೋಣ. ಬಾನೆವಿಲ್‌ನ ಎಡಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕುಳಿತು, ಸಿಲಿಂಡರಿನ ಬುಡಕ್ಕೆ ಸರಿಯಾಗಿ ಕೆಳಗೆ ಕ್ರ್ಯಾಂಕ್‌ಕೇಸಿನ ಮೇಲೆ ಟಾರ್ಚು ಬಿಡಿ. ಅಲ್ಲಿ ಸ್ವಲ್ಪ ಉಬ್ಬಿದ ಚಪ್ಪಟೆ ಜಾಗವೊಂದಿದೆ, ಎಂಜಿನ್ ನಂಬರನ್ನು ಅದರ ಮೇಲೆ ಒತ್ತಿರುತ್ತಾರೆ. 1969ರಿಂದ ಟ್ರಯಂಫ್‌ನ ಮೆರಿಡೆನ್ ಕಾರ್ಖಾನೆಯವರು, ಅದು ನಿಮ್ಮ ಕೊವೆಂಟ್ರಿಯ ಹತ್ತಿರವೇ ಇತ್ತು, ಒಂದು ಜಾಣತನ ಮಾಡಿದರು. ನಂಬರಿನ ಜಾಗದ ತುಂಬ ಕಂಪನಿಯ ಹೆಸರನ್ನು ಸಣ್ಣ ಸಣ್ಣ ಮುದ್ರೆಗಳಾಗಿ ಸಾಲುಸಾಲಾಗಿ ಒತ್ತಿ, ಅದರ ಮೇಲೆ ನಂಬರು ಹೊಡೆದರು. ಯಾರಾದರೂ ಹಳೆಯ ನಂಬರನ್ನು ಅರದಿಂದ ಉಜ್ಜಿ ಹೊಸದನ್ನು ಒತ್ತಿದ್ದರೆ ಆ ಸಣ್ಣ ಮುದ್ರೆಗಳೂ ಅಳಿಸಿಹೋಗಿರುತ್ತವೆ. ಅಲ್ಲಿ ಬೆರಳಾಡಿಸಿದಾಗ ನುಣ್ಣಗೆ ಇದ್ದರೆ ಅಲ್ಲಿಗೇ ನಿಲ್ಲಿಸಿ. ನಂಬರಿನ ಮುಂದೆ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ, ಮೊದಲನೆಯದು ತಿಂಗಳು, ಎರಡನೆಯದು ಮಾದರಿಯ ವರ್ಷ. 1970ರ ಮಾದರಿಗೆ ಎರಡನೆಯ ಅಕ್ಷರ ‘ಡಿ’ ಆಗಿರಬೇಕು. ‘ಇ’ ಮತ್ತು ‘ಡಿ’ ಎಂದಿದ್ದರೆ 1970ರ ಮೇ ತಿಂಗಳಿನದು. ‘ಎನ್’ ಮತ್ತು ‘ಡಿ’ ಎಂದಿದ್ದರೆ ಅಕ್ಟೋಬರ್‌ನದು, ಆದರೆ 1969ರ ಅಕ್ಟೋಬರ್, ಏಕೆಂದರೆ ಕಾರ್ಖಾನೆಯ ಮಾದರಿ ವರ್ಷ ಹಿಂದಿನ ಬೇಸಿಗೆಯ ಕೊನೆಗೇ ಆರಂಭವಾಗುತ್ತಿತ್ತು. ವರ್ಷವನ್ನು ಸೂಚಿಸುವ ಜಾಗದಲ್ಲಿ ‘ಸಿ’ ಕಂಡರೆ ಅದು 1969ರ ಮಾದರಿ, ‘ಇ’ ಕಂಡರೆ 1971ರದು. 1971ರಿಂದ ಎಂಜಿನ್ ಆಯಿಲ್ ತುಂಬುವುದು ಚಾಸಿಯ ಕೊಳವೆಯೊಳಗೇ, ಆ ಚಾಸಿಯೇ ಬೇರೆ, ಅದಕ್ಕೆ ಬೆಲೆಯೂ ತುಸು ಕಡಿಮೆ.

ಇದಾದ ಮೇಲೆ ಹ್ಯಾಂಡಲ್‌ನ ಕೆಳಗೆ, ಚಾಸಿಯ ತಲೆಯ ಎಡಬದಿಯ ನಂಬರನ್ನು ನೋಡಿ. ಟ್ರಯಂಫ್‌ನಲ್ಲಿ ಎರಡೂ ನಂಬರು ಅಕ್ಷರ ಸಮೇತ ಒಂದೇ ಆಗಿರಬೇಕು, ಮಾದರಿಯ ಗುರುತು ಟಿ120 ಅಥವಾ ಟಿ120ಆರ್ ಎಂದಿರಬೇಕು. ಟಿಆರ್6 ಎಂದು ಒಂದೇ ಕಾರ್ಬ್ಯುರೇಟರಿನ ತಮ್ಮನೊಬ್ಬನಿದ್ದಾನೆ. ಓಡಿಸಲು ಅವನೇ ಹೆಚ್ಚು ಸುಖವೆಂದು ನನಗನ್ನಿಸುತ್ತದೆ, ಎರಡು ಕಾರ್ಬ್ಯುರೇಟರುಗಳನ್ನು ಸಮ ಮಾಡುವ ರಗಳೆಯಿಲ್ಲ, ಆದರೆ ಬೆಲೆ ಮಾತ್ರ ಅಣ್ಣನಿಗೇ ಹೆಚ್ಚು. ಹೀಗಾಗಿ ಟಿಆರ್6ಗೆ ಜೋಡಿ ಕಾರ್ಬ್ಯುರೇಟರಿನ ಹೆಡ್ ಕೂರಿಸಿ ಬಾನೆವಿಲ್ ಎಂದು ಮಾರುವ ಚಾಳಿ ಬಹಳ ಹಳೆಯದು. ಎರಡು ನಂಬರುಗಳು ಬೇರೆ ಬೇರೆಯಾಗಿದ್ದು, ಎರಡೂ ಪ್ರಾಮಾಣಿಕವಾಗಿ ಲಾಗ್‌ಬುಕ್ಕಿನಲ್ಲಿ ನಮೂದಾಗಿದ್ದರೆ ಗಾಡಿ ಕೆಟ್ಟದ್ದೇನಲ್ಲ. ಎಂಜಿನ್ ಬದಲಾಯಿಸುವುದು ಆ ಕಾಲದಲ್ಲಿ ಟೈರು ಬದಲಾಯಿಸಿದಷ್ಟೇ ಸಾಮಾನ್ಯವಾಗಿತ್ತು. ಆದರೆ ಬೆಲೆಯಿಂದ ಕಾಲುಭಾಗ ಕಳೆಯಿರಿ.

ನಂಬರು ಒಂದೇ ಇರಬೇಕೆಂಬ ನಿಯಮ ಎಲ್ಲ ಕಂಪನಿಗಳಿಗೂ ಒಂದೇ ರೀತಿ ಅನ್ವಯಿಸುವುದಿಲ್ಲ, ಇದನ್ನು ತಿಳಿಯದೆ ಒಳ್ಳೆಯ ಗಾಡಿ ಬಿಟ್ಟವರನ್ನೂ ಕೆಟ್ಟದ್ದನ್ನು ಕೊಂಡವರನ್ನೂ ಕಂಡಿದ್ದೇನೆ. ಸ್ಟೀವನೇಜ್‌ನಲ್ಲಿ ತಯಾರಾಗುತ್ತಿದ್ದ ವಿನ್ಸೆಂಟ್‌ನ ಯುದ್ಧೋತ್ತರ ಜೋಡಿ ಸಿಲಿಂಡರ್ ಗಾಡಿಗಳಲ್ಲಿ ಚಾಸಿ ನಂಬರು ಎಂಜಿನ್ ನಂಬರಿಗಿಂತ ಸರಿಯಾಗಿ 1,900 ಹೆಚ್ಚಿರಬೇಕು. ಬರ್ಮಿಂಗ್‌ಹ್ಯಾಮ್‌ನ ಸ್ಮಾಲ್ ಹೀತ್‌ನಲ್ಲಿ ತಯಾರಾದ ಬಿಎಸ್‌ಎ ಗಾಡಿಗಳಲ್ಲಿ, 1950ರ ದಶಕದಲ್ಲಂತೂ, ಎಂಜಿನ್‌ಗೂ ಚಾಸಿಗೂ ಬೇರೆ ಬೇರೆ ನಂಬರೇ ಇರುತ್ತಿತ್ತು. ಆ ಎರಡೂ ಒಂದೇ ದಿನ ಒಂದೇ ಗಾಡಿಯಾಗಿ ಕಾರ್ಖಾನೆಯಿಂದ ಹೊರಬಿದ್ದವೇ ಎಂಬುದನ್ನು ಅಂದಿನ ರವಾನೆ ಪುಸ್ತಕದಿಂದಲ್ಲದೆ ಹೇಳಲಾಗದು. ಬರ್ಟನ್‌ನಲ್ಲಿರುವ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್‌ನ ಗ್ರಂಥಾಲಯದಲ್ಲಿ ಬಿಎಸ್‌ಎ, ಟ್ರಯಂಫ್ ಮೊದಲಾದ ಕಂಪನಿಗಳ ಆ ಪುಸ್ತಕಗಳಿವೆ, ಶುಲ್ಕ ಪಡೆದು ಪ್ರಮಾಣಪತ್ರ ಕೊಡುತ್ತಾರೆ. ಸಾವಿರಾರು ಪೌಂಡ್‌ನ ವ್ಯವಹಾರದಲ್ಲಿ ಆ ಶುಲ್ಕದ ಮುಖ ನೋಡಬಾರದು.

ಅದರ ಮುಖ ನೋಡಿ ಕೈ ಸುಟ್ಟುಕೊಂಡವನು ನಾನೇ ಆದ್ದರಿಂದ ಹೇಳುತ್ತಿದ್ದೇನೆ. ಬಹಳ ಹಿಂದೆ ಒಂದು ಬಿಡಿಭಾಗಗಳ ಸಂತೆಯಲ್ಲಿ ಬಿಎಸ್‌ಎಯ ದುಬಾರಿ ಮಾದರಿಯಾದ ಡಿಬಿಡಿ34 ಗೋಲ್ಡ್ ಸ್ಟಾರ್ ಸಿಕ್ಕಿತೆಂದು ಹಿಗ್ಗಿ ಹಣ ಎಣಿಸಿಕೊಟ್ಟೆ. ಅಲ್ಯೂಮಿನಿಯಂ ಟ್ಯಾಂಕು, ದೊಡ್ಡ ಅಮಾಲ್ ಜಿಪಿ ಕಾರ್ಬ್ಯುರೇಟರು, 190 ಮಿಲಿಮೀಟರಿನ ಮುಂಬ್ರೇಕು, ಎಲ್ಲವೂ ಇತ್ತು. ಮನೆಗೆ ತಂದು ತೊಳೆಯುವಾಗ ಬಲಗಡೆಯ ಕೆಳಕೊಳವೆ ನೆಟ್ಟಗೆ ಇರುವುದು ಕಂಡಿತು. ನಿಜವಾದ ಗೋಲ್ಡ್ ಸ್ಟಾರ್ ಚಾಸಿಯಲ್ಲಿ ಆಯಿಲ್ ಪಂಪಿಗೆ ಜಾಗ ಬಿಡಲು ಆ ಕೊಳವೆಗೆ ಒಂದು ಸಣ್ಣ ತಗ್ಗು ಕೊಟ್ಟಿರುತ್ತಾರೆ. ಚಾಸಿ ನಂಬರು ಸಿಬಿ32 ಎಂದು ಆರಂಭವಾಗುತ್ತಿತ್ತೇನೋ ಸರಿ, ಆದರೆ ಕೊನೆಯ ಅಂಕೆಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ಒಂದನ್ನು ಎರಡು ಮಾಡಿದ್ದು ಗೊತ್ತಾಯಿತು. ಸಿಬಿ31 ಎಂದರೆ ಸಾಮಾನ್ಯ ಬಿ31, ಬಿ33 ಗಾಡಿಗಳ ಚಾಸಿ. ಮೇಲೆ ಥಳುಕು, ಒಳಗೆ ಹುಳುಕು. ಮಾರಿದವರು ಮುಂದಿನ ಸಂತೆಗೆ ಬರಲಿಲ್ಲ. ಗೋಲ್ಡ್ ಸ್ಟಾರ್‌ನ ದರ ಕೊಟ್ಟು ಬಿ33ರ ಬೆಲೆಯ ಗಾಡಿ ಇಟ್ಟುಕೊಂಡೆ. ಇಂದಿನ ಲೆಕ್ಕದಲ್ಲಿ ಅವೆರಡರ ನಡುವಿನ ಅಂತರ ಆರೇಳು ಸಾವಿರ ಪೌಂಡ್. ಅದು ಚೆನ್ನಾಗಿಯೇ ಓಡುತ್ತಿತ್ತು ಎಂಬುದು ಗಾಯದ ಮೇಲೆ ಉಪ್ಪು ಸವರಿದ ಹಾಗೆ.

ನಿಮ್ಮ ಪ್ರಶ್ನೆ ಬಾನೆವಿಲ್‌ಗೆ ಸಂಬಂಧಿಸಿದ್ದಾದರೂ, ನೂರರ ಲೆಕ್ಕದಲ್ಲಿ ನಾನು ಮೇಲೆ ಹೇಳಿದ ಬೆಲೆಯ ಏಣಿ ಎಲ್ಲ ಗಾಡಿಗಳಿಗೂ ಒಂದೇ ಕಡಿದಾಗಿರುವುದಿಲ್ಲ ಎಂಬುದನ್ನು ತಿಳಿದರೆ ಅದರ ತರ್ಕ ಸ್ಪಷ್ಟವಾಗುತ್ತದೆ. ಅಗ್ಗದ ಗಾಡಿಯಲ್ಲಿ ಕೆಳಗಿನ ಮೆಟ್ಟಿಲುಗಳು ಬಹಳ ಆಳದಲ್ಲಿರುತ್ತವೆ. ಬಿಎಸ್‌ಎ ಬ್ಯಾಂಟಮ್ ಅನ್ನು ತೆಗೆದುಕೊಳ್ಳಿ. ಯುದ್ಧ ಪರಿಹಾರವಾಗಿ ಜರ್ಮನಿಯಿಂದ ಬಂದ ಡಿಕೆಡಬ್ಲ್ಯು ನಕ್ಷೆಯನ್ನು ಇಟ್ಟುಕೊಂಡು 1948ರಲ್ಲಿ ಮಾರುಕಟ್ಟೆಗೆ ಬಂದ 125 ಸಿಸಿಯ ಈ ಪುಟ್ಟ ಗಾಡಿ ಇಂದು ಒಳ್ಳೆಯ ಸ್ಥಿತಿಯಲ್ಲಿದ್ದರೂ ಎರಡು, ಎರಡೂವರೆ ಸಾವಿರ ಪೌಂಡ್ ದಾಟುವುದು ಕಷ್ಟ. ಆದರೆ ಕ್ರೋಮ್ ಮಾಡುವವನು ಬ್ಯಾಂಟಮ್ ಎಂದು ರಿಯಾಯಿತಿ ಕೊಡುವುದಿಲ್ಲ, ಬಣ್ಣದವನೂ ಕೊಡುವುದಿಲ್ಲ. ಹೀಗಾಗಿ ಕೆಟ್ಟು ನಿಂತ ಬ್ಯಾಂಟಮ್‌ನ ಬೆಲೆ ಹೆಚ್ಚುಕಡಿಮೆ ಅದರ ಲಾಗ್‌ಬುಕ್ಕಿನ ಬೆಲೆಯಷ್ಟೇ. ಅಪರೂಪದ ಗಾಡಿಯಲ್ಲಿ ಇದು ತಿರುವುಮುರುವಾಗುತ್ತದೆ. ಕಾರ್ನ್‌ವಾಲ್‌ನ ಬಾಡ್ಮಿನ್ ಮೂರ್ ಪ್ರದೇಶದ ಕೊಟ್ಟಿಗೆಗಳಲ್ಲಿ ದಶಕಗಳ ಕಾಲ ಬಿದ್ದಿದ್ದ ಎಂಟು ಬ್ರಫ್ ಸುಪೀರಿಯರ್‌ಗಳು 2016ರ ಏಪ್ರಿಲ್‌ನಲ್ಲಿ ಸ್ಟಾಫರ್ಡ್‌ನ ಬಾನಮ್ಸ್ ಹರಾಜಿಗೆ ಬಂದಾಗ ಕೆಲವು ಬಿಚ್ಚಿ ಹರಡಿಕೊಂಡಿದ್ದವು, ಎಲ್ಲವೂ ತುಕ್ಕು ಹಿಡಿದಿದ್ದವು. ಅವುಗಳಲ್ಲೊಂದು ಆಸ್ಟಿನ್ ಕಾರಿನ ಎಂಜಿನ್ನು ಮತ್ತು ಹಿಂದೆ ಜೋಡಿ ಚಕ್ರವಿದ್ದ 1938ರ ಬಿಎಸ್4. ಅದು 3,31,900 ಪೌಂಡ್‌ಗೆ ಹೋಯಿತು. ಅಂಥ ಗಾಡಿಗಳು ತಯಾರಾದದ್ದೇ ಹತ್ತರಷ್ಟು, ಆದ್ದರಿಂದ ಕೊಂಡವರಿಗೆ ತುಕ್ಕಿನ ಖರ್ಚು ಲೆಕ್ಕಕ್ಕೇ ಬರಲಿಲ್ಲ, ಅದರ ಗುರುತು ಸಂದೇಹಾತೀತವಾಗಿತ್ತು. ವಿನ್ಸೆಂಟ್ ಬ್ಲ್ಯಾಕ್ ಲೈಟ್ನಿಂಗ್ ಒಂದು 2018ರ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ 9,29,000 ಡಾಲರ್ ತಂದದ್ದೂ ಹೊಳಪಿನ ಬಲದಿಂದಲ್ಲ. 1953ರಲ್ಲಿ ಆಸ್ಟ್ರೇಲಿಯಾದಲ್ಲಿ ವೇಗದ ದಾಖಲೆ ಬರೆದ ಗಾಡಿಯೇ ಅದು ಎಂಬ ಖಾತರಿಗೆ ಸಿಕ್ಕ ಹಣ ಅದು.

ಬಾನೆವಿಲ್, ನಾರ್ಟನ್ ಕಮಾಂಡೊ, ಬಿಎಸ್‌ಎ ಎ65 ಮುಂತಾದವು ಈ ಎರಡು ತುದಿಗಳ ನಡುವೆ ಬರುತ್ತವೆ, ಅವು ಸಾವಿರಾರು ಸಂಖ್ಯೆಯಲ್ಲಿ ತಯಾರಾದವು, ಬಿಡಿಭಾಗಗಳು ಇಂದಿಗೂ ಹೊಸದಾಗಿ ಸಿಗುತ್ತವೆ. ಇಲ್ಲಿ ಓಡಿಸುವ ಅನುಕೂಲಕ್ಕೂ ಬೆಲೆಯಿದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ ಬಾನೆವಿಲ್‌ಗೆ ಯಾರೂ ಹಣ ಕಡಿಮೆ ಮಾಡುವುದಿಲ್ಲ, ತೆಗೆದ ಹಳೆಯ ಪಾಯಿಂಟ್‌ಗಳನ್ನು ಡಬ್ಬದಲ್ಲಿ ಇಟ್ಟುಕೊಟ್ಟರೆ ಇನ್ನೂ ಸಂತೋಷ. ಕಮಾಂಡೊದಲ್ಲಿ 1972ರ ‘ಕಾಂಬ್ಯಾಟ್’ ಎಂಜಿನ್ನಿಗೆ ಮುಖ್ಯ ಬೇರಿಂಗ್ ಬೇಗ ಹೋಗುವ ಕುಖ್ಯಾತಿಯಿತ್ತು. ಅನಂತರ ಬಂದ ಸೂಪರ್‌ಬ್ಲೆಂಡ್ ಬೇರಿಂಗ್ ಹಾಕಿಸಿದ ರಸೀದಿ ಇದ್ದರೆ ಅದು ಹಣವೇ ಸರಿ. ಫೈಬರ್ ಗ್ಲಾಸ್ ಟ್ಯಾಂಕಿರುವ ಕಮಾಂಡೊ ಕಂಡರೆ ಮುಚ್ಚಳ ತೆಗೆದು ಒಳಗೆ ನೋಡಿ. 2021ರ ಸೆಪ್ಟೆಂಬರಿನಿಂದ ಇಲ್ಲಿನ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ, ಹತ್ತು ಶೇಕಡಾವರೆಗೆ ಎಥನಾಲ್ ಬೆರೆತ ಪೆಟ್ರೋಲು ಆ ಟ್ಯಾಂಕಿನ ಫೈಬರ್ ಗ್ಲಾಸನ್ನು ಹಿಡಿದಿಟ್ಟಿರುವ ಹಳೆಯ ಅಂಟನ್ನು ಕರಗಿಸಿ ಕಾರ್ಬ್ಯುರೇಟರಿಗೆ ಇಳಿಸುತ್ತದೆ.

ನಮ್ಮವರಾದ್ದರಿಂದ ನಿಮಗೆ ಇನ್ನೊಂದು ಮಾತು ಹೇಳಬೇಕು. ಬಿಎಸ್‌ಎ ಎಂ20, ನಾರ್ಟನ್ 16ಎಚ್, ಮ್ಯಾಚ್‌ಲೆಸ್ ಜಿ3ಎಲ್ ಮುಂತಾದ ಸೇನೆಯ ಗಾಡಿಗಳು ಯುದ್ಧದ ಬಳಿಕ ಭಾರತದಲ್ಲಿ ಬಹಳ ಉಳಿದವು, ಅವುಗಳಲ್ಲಿ ಕೆಲವು ಮತ್ತೆ ಹಡಗು ಹತ್ತಿ ಇಲ್ಲಿಗೆ ಬಂದಿವೆ. ನಮ್ಮ ಮೆಕ್ಯಾನಿಕ್‌ಗಳ ಕೈಚಳಕವನ್ನು ನಾನು ಬಲ್ಲೆ, ಇಲ್ಲದ ಭಾಗವನ್ನು ಲೇತ್‌ನಲ್ಲಿ ತಿರುಗಿಸಿ ಸೃಷ್ಟಿಸುವ ವಿದ್ಯೆ ಅವರದು. ಆದರೆ ಆ ಜಾಣ್ಮೆಯೇ ಇಲ್ಲಿನ ಮಾರುಕಟ್ಟೆಯಲ್ಲಿ ಸಂದೇಹವಾಗಿ ಕಾಣುತ್ತದೆ, ಮೂರು ಗಾಡಿಗಳ ಭಾಗ ಸೇರಿ ಒಂದಾಗಿರುವುದು, ನಂಬರನ್ನು ಹೊಸದಾಗಿ ಒತ್ತಿರುವುದು ಎಷ್ಟೋ ಸಲ ಕಂಡಿದೆ. ಹಾಗಾಗಿ ಭಾರತದಿಂದ ಬಂದದ್ದೆಂದು ಗೊತ್ತಾದೊಡನೆ ಇಲ್ಲಿನವರು ಬೆಲೆ ಇಳಿಸುತ್ತಾರೆ. ಎಲ್ಲವೂ ಹಾಗಿರುವುದಿಲ್ಲ, ಒಂದೊಂದನ್ನೂ ಅದರದೇ ಗುಣದಿಂದ ಅಳೆಯಬೇಕು ಎಂದು ನಾನು ವಾದಿಸುತ್ತೇನೆ, ಆದರೆ ಮಾರುಕಟ್ಟೆ ನನ್ನ ವಾದ ಕೇಳುವುದಿಲ್ಲ.

ಬಾನೆವಿಲ್‌ಗಳ ವಿಷಯದಲ್ಲಿ ಇಂಥದೇ ಪ್ರಶ್ನೆ ಅಮೆರಿಕದ ಕಡೆಯಿಂದ ಬರುತ್ತದೆ. ಮೆರಿಡೆನ್ ತಯಾರಿಸಿದ್ದರಲ್ಲಿ ಬಹುಪಾಲು ಅಮೆರಿಕಕ್ಕೇ ಹೋಗಿತ್ತು, ಚಿಕ್ಕ ಟ್ಯಾಂಕು ಮತ್ತು ಎತ್ತರದ ಹ್ಯಾಂಡಲ್ ಆ ಕಡೆಯ ಗುರುತು. ಅಲ್ಲಿಂದ ಮರಳಿ ತಂದವು ಕೆಟ್ಟವಲ್ಲ, ಕ್ಯಾಲಿಫೋರ್ನಿಯದ ಒಣಹವೆಯಲ್ಲಿದ್ದ ಚಾಸಿಗೆ ತುಕ್ಕೇ ಇರುವುದಿಲ್ಲ. ಕೇಳಬೇಕಾದದ್ದು ಕಾಗದ. ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎ ಕೊಟ್ಟ ವಿ5ಸಿ ಲಾಗ್‌ಬುಕ್ಕು ಈಗಾಗಲೇ ಇದ್ದರೆ ಚಿಂತೆಯಿಲ್ಲ. ಬರೀ ಅಮೆರಿಕದ ಮಾಲೀಕತ್ವ ಪತ್ರವಷ್ಟೇ ಇದ್ದರೆ, ಆಮದಿನ ವಿವರ ತೆರಿಗೆ ಇಲಾಖೆಗೆ ಸಲ್ಲಿಕೆಯಾಗಿದೆಯೇ ಎಂದು ಕೇಳಿ. ಅದಿಲ್ಲದೆ ಇಲ್ಲಿ ನೋಂದಣಿಯಾಗದು. ಆ ಓಡಾಟಕ್ಕೆಂದು 500 ಪೌಂಡ್ ಕಳೆಯುವುದು ನನ್ನ ರೂಢಿ.

ಜಾಹೀರಾತಿನಲ್ಲಿ ಕೇಳುವ ಬೆಲೆಗೂ ಕೈಬದಲಾಗುವ ಬೆಲೆಗೂ ವ್ಯತ್ಯಾಸವಿದೆ ಎಂಬುದನ್ನು ನಿಮಗೆ ಹೇಳಬೇಕಿಲ್ಲ. ಆದರೆ ಈಚಿನ ವರ್ಷಗಳಲ್ಲಿ ಆ ಅಂತರ ಹಿಗ್ಗಿದೆ. ಹದಿಹರೆಯದಲ್ಲಿ ಈ ಗಾಡಿಗಳಿಗಾಗಿ ಹಂಬಲಿಸಿದ ಪೀಳಿಗೆಗೆ ಈಗ ಎಪ್ಪತ್ತು, ಎಂಬತ್ತು ವರ್ಷ. ಕಿಕ್ಕರ್ ಒದೆಯಲು ಮಂಡಿ ಒಪ್ಪುತ್ತಿಲ್ಲ. ಅವರು ಮಾರುತ್ತಿದ್ದಾರೆ, ಅಷ್ಟೇ ಸಂಖ್ಯೆಯಲ್ಲಿ ಕೊಳ್ಳುವವರಿಲ್ಲ. ಅದರಲ್ಲೂ ನಾಲ್ಕೈದು ಸಾವಿರದ ಆಸುಪಾಸಿನ ಸಾಧಾರಣ ಗಾಡಿಗಳ ಬೆಲೆ ಇಳಿದಿದೆ. ಮಾರುವವರು ಮಾತ್ರ ನಾಲ್ಕು ವರ್ಷದ ಹಿಂದಿನ ದರವನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಹರಾಜಿನ ಅಂಕಿಗಳನ್ನು ನೋಡುವುದಾದರೆ ಕಮಿಷನ್ ಮತ್ತು ಅದರ ಮೇಲಿನ 20 ಶೇಕಡಾ ವ್ಯಾಟ್ ಸೇರಿದೆಯೇ ಎಂದು ಗಮನಿಸಿ ಹೋಲಿಸಿ.

ಈಗ ನಿಮ್ಮ ಮೂರು ಗಾಡಿಗಳು. 3,800 ಪೌಂಡ್‌ನ ಡಬ್ಬದ ಗಾಡಿಗೆ ನಾನಾದರೆ 2,800ಕ್ಕಿಂತ ಹೆಚ್ಚು ಹೇಳುವುದಿಲ್ಲ. ಅದೂ ಎರಡು ನಂಬರುಗಳು ತಾಳೆಯಾಗಿ, ವಿ5ಸಿ ಮಾರುವವರ ಹೆಸರಿನಲ್ಲೇ ಇದ್ದು, ಟ್ಯಾಂಕು, ಮಡ್‌ಗಾರ್ಡು, ಮುಂಬ್ರೇಕಿನ ತಟ್ಟೆ ಮೂರೂ ಡಬ್ಬದಲ್ಲಿ ಕಣ್ಣಿಗೆ ಬಿದ್ದರೆ ಮಾತ್ರ. 10,500ರದಕ್ಕೆ ರಸೀದಿಗಳ ಕಟ್ಟು ಕೇಳಿ. ಕ್ರ್ಯಾಂಕಿನೊಳಗೆ ಆಯಿಲ್‌ನ ಕಸ ಕೂಡಿಕೊಳ್ಳುವ ಒಂದು ಕೊಳವೆಯಿದೆ, ಅದು ಕಟ್ಟಿಕೊಂಡರೆ ಬಿಗ್ ಎಂಡ್‌ಗೆ, ಅಂದರೆ ಪಿಸ್ಟನ್ನಿನ ರಾಡು ಕ್ರ್ಯಾಂಕಿಗೆ ಕೂಡುವ ಬೇರಿಂಗಿಗೆ, ಎಣ್ಣೆ ಸಿಗದೆ ಎಂಜಿನ್ ಹೋಗುತ್ತದೆ. ಕ್ರ್ಯಾಂಕನ್ನು ಹೊರತೆಗೆದವರು ಮಾತ್ರ ಅದನ್ನು ಶುಚಿ ಮಾಡಿರಲು ಸಾಧ್ಯ. ಅದನ್ನು ಶುಚಿ ಮಾಡಿದ್ದೀರಾ ಎಂಬ ಒಂದೇ ಪ್ರಶ್ನೆಗೆ ಅವರು ಕೊಡುವ ಉತ್ತರದಿಂದ ಎಂಜಿನ್ ನಿಜಕ್ಕೂ ಬಿಚ್ಚಿ ಕಟ್ಟಿದ್ದೋ, ಹೊರಗಿನಿಂದ ಪಾಲಿಶ್ ಮಾಡಿದ್ದೋ ತಿಳಿಯುತ್ತದೆ. ಒಳ್ಳೆಯ ಉತ್ತರ ಬಂದರೆ 9,800ರವರೆಗೆ ಹೋಗಿ, ಬರದಿದ್ದರೆ 7,500ಕ್ಕೂ ಬೇಡ.

ನನ್ನ ಆಯ್ಕೆ ನಡುವಿನದು. ಹೋಗುವ ಮೊದಲು ಮಾಲೀಕರಿಗೆ ಫೋನ್ ಮಾಡಿ, ನೀವು ಬರುವವರೆಗೆ ಗಾಡಿಯನ್ನು ಸ್ಟಾರ್ಟ್ ಮಾಡದಿರಲು ಕೇಳಿಕೊಳ್ಳಿ. ಎಂಜಿನ್ ಮುಟ್ಟಿ ನೋಡಿದಾಗ ಬೆಚ್ಚಗಿದ್ದರೆ ಅಲ್ಲೇ ಅರ್ಧ ಕಥೆ ತಿಳಿಯಿತು. ತಣ್ಣಗಿರುವ ಎಂಜಿನ್ನು ಕಾರ್ಬ್ಯುರೇಟರಿನ ಟಿಕ್ಲರ್ ಗುಂಡಿ ಒತ್ತಿ ಪೆಟ್ರೋಲ್ ಜಿನುಗಿದ ಮೇಲೆ ಮೂರ್ನಾಲ್ಕು ಒದೆತಕ್ಕೆ ಹತ್ತಬೇಕು. ಕೂಡಲೇ ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ನೋಡಿ, ಹಿಂತಿರುಗುವ ಕೊಳವೆಯಿಂದ ಎಣ್ಣೆ ಬಿಟ್ಟು ಬಿಟ್ಟು ಚಿಮ್ಮುತ್ತಿರಬೇಕು. ಮೊದಲ ಒಂದೆರಡು ನಿಮಿಷ ನೀಲಿ ಹೊಗೆ ಬಂದು ನಿಂತರೆ ಅದು ಬಹುಕಾಲ ನಿಂತಿದ್ದರಿಂದ ಕೆಳಗಿಳಿದ ಎಣ್ಣೆ, ಹೆದರಬೇಡಿ. ಹತ್ತು ನಿಮಿಷದ ಮೇಲೂ ಹೊಗೆ ಬರುತ್ತಿದ್ದರೆ ಪಿಸ್ಟನ್ ರಿಂಗು ಸವೆದಿದೆ, 800 ಪೌಂಡ್ ಕಳೆಯಿರಿ. ಎಂಜಿನ್ನಿನ ಕೆಳಗೆ ಒಂದೆರಡು ಹನಿ ಎಣ್ಣೆ ಬಿದ್ದಿದ್ದರೆ ಅದಕ್ಕೆ ಚೌಕಾಸಿ ಮಾಡಬೇಡಿ, ಮಾಲೀಕರು ನಕ್ಕುಬಿಡುತ್ತಾರೆ. ನಂಬರು ಸರಿಯಿದ್ದು ಕಾರ್ಖಾನೆಯ ಬಣ್ಣವೇ ಆಗಿದ್ದರೆ 7,000 ಪೂರ್ತಿ ಕೊಟ್ಟರೂ ನಷ್ಟವಿಲ್ಲ, ಮತ್ತು ದಯವಿಟ್ಟು ಅದಕ್ಕೆ ಹೊಸ ಬಣ್ಣ ಹೊಡೆಸಬೇಡಿ. ಮೊದಲ ಭಾನುವಾರ ಅದನ್ನು ಮೆರಿಡೆನ್ ಕಡೆಗೆ ಓಡಿಸಿ. 1983ರಲ್ಲಿ ಮುಚ್ಚಿದ ಕಾರ್ಖಾನೆಯ ಜಾಗದಲ್ಲಿ ಈಗ ಮನೆಗಳಿವೆ, ಒಂದು ಬೀದಿಯ ಹೆಸರು ಬಾನೆವಿಲ್ ಕ್ಲೋಸ್.

ವಿಮೆ ಮಾಡಿಸುವಾಗ ಒಪ್ಪಿತ ಮೌಲ್ಯದ ಪಾಲಿಸಿಯನ್ನೇ ಕೇಳಿ. ಇಲ್ಲದಿದ್ದರೆ ಗಾಡಿ ಕಳುವಾದ ಮೇಲೆ ಅದರ ಬೆಲೆ ಎಷ್ಟೆಂದು ವಿಮಾ ಕಂಪನಿಯವರೇ ನಿಮಗೆ ಹೇಳುತ್ತಾರೆ. ನಂಬರಿನ ಜಾಗ, ಟ್ಯಾಂಕಿನ ಎರಡು ಬದಿ, ಮೈಲಿ ಮೀಟರು ಮತ್ತು ಲಾಗ್‌ಬುಕ್ಕಿನ ಫೋಟೋಗಳನ್ನು ಕೊಂಡ ದಿನವೇ ತೆಗೆದು ಅವರಿಗೆ ಕಳುಹಿಸಿ.